ಎರವಲು ಕೊಟ್ಟ ತೋಳು

ಜೂನ್ ೯

ಅಮ್ಮಾ,

ಇವತ್ತು ಬೆಳಿಗ್ಗೆ ನೀನು ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದಾಗ ನಾನು ಮೇಲೆ ಕಟಕಟೆಗೆ ಆತು ನಿಂತು ನೋಡುತ್ತಿದ್ದೆ. ನೀನು ತಲೆಯೆತ್ತಲಿಲ್ಲ. ಮೆಟ್ಟಿಲಿನ ಮೊದಲನೆಯ ತಿರುವಿನಲ್ಲಿ ನಿಂತು ಚೀಲದಲ್ಲಿ ಬೀಗದ ಕೈ ಹುಡುಕಿದೆ. ಬಾಗಿಲು ತೆರೆದೇ ಇರುತ್ತದೆಂದು ನಿನಗೆ ಗೊತ್ತಿತ್ತು. ಎರಡನೆಯ ತಿರುವಿನಲ್ಲಿ ಬಗ್ಗಿ ಚಪ್ಪಲಿಯ ಬಕಲ್ ಸರಿಮಾಡಿಕೊಂಡೆ. ನಿನ್ನ ಚಪ್ಪಲಿಗೆ ಬಕಲ್ಲೇ ಇಲ್ಲ ಅಮ್ಮಾ.

ಆಮೇಲೆ ಒಳಗೆ ಬಂದು, "ಹೊರಟೆಯಾ? ಡಬ್ಬಿ ತಗೊಂಡೆಯಾ?" ಎಂದು ನಗುತ್ತಾ ಕೇಳಿದೆ. ಮೆಟ್ಟಿಲಲ್ಲಿ ಯಾಕೆ ನಿಂತೆ ಎಂದು ನಾನು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅಜ್ಜಿ ಕರೆದರು, ನೀನು ಕೈಚೀಲ ಇಟ್ಟು ಆ ಕಡೆ ಹೋದೆ. ರಜೆ ಮುಗಿದಿತ್ತು, ಬಸ್ಸು ಬಂತು ಎಂದು ನಾನು ಹೊರಟೆ. ದಾರಿಯುದ್ದಕ್ಕೂ ಆ ಇಲ್ಲದ ಬಕಲ್ಲನ್ನೇ ಯೋಚಿಸುತ್ತಾ ಬಂದೆ.

ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ನಿನಗೆ ಗೊತ್ತು. ನಾನು ಎದ್ದಿರುವ ಹೊತ್ತಿನಲ್ಲಿ ನೀನು ಮಲಗಿರಬೇಕು. ಹಾಗೆಂದು ನಾನು ನಂಬಿಕೊಂಡಿದ್ದೆ. ಈ ಸಲ ರಜೆಯಲ್ಲಿ ನೋಡಿದೆನಲ್ಲ, ನೀನು ಮಲಗುವುದೇ ಇಲ್ಲ. ಗಂಜಿ ಕುದಿಯುವಷ್ಟು ಹೊತ್ತು, ಬಟ್ಟೆ ಒಣಗುವಷ್ಟು ಹೊತ್ತು, ಹೀಗೆ ತುಂಡು ತುಂಡು. ಅದನ್ನು ನಿದ್ದೆ ಎನ್ನುವುದಕ್ಕಾಗುತ್ತದೆಯೇ?

ಮೆಟ್ಟಿಲು ಹತ್ತುವಾಗ ಏನಾಗುತ್ತದೆ ಅಮ್ಮಾ? ಇಷ್ಟು ಮಾತ್ರ ಬರೆದು ತಿಳಿಸು.

ನಿನ್ನ ಪುಟ್ಟಿ

ಜೂನ್ ೧೮

ಮಗಳೇ,

ನಿನ್ನ ಕಾಗದವನ್ನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೂತು ಓದಿದೆ. ಪಾಳಿ ಮುಗಿದ ಮೇಲೆ ಬಸ್ಸು ಬರುವವರೆಗೆ ಈ ಬೆಂಚು ನನ್ನದೇ. ಮನೆಯಲ್ಲಿ ಪೆನ್ನು ಹಿಡಿಯುವ ಹಾಗೇ ಇಲ್ಲ. ಒಲೆಯ ಮುಂದೆ ನಿಂತರೆ ಸಾಕು, ಅತ್ತೆಯ ಕೂಗು: "ಬಾರೇ, ಕಾಲು ಎಳೀತಿದೆ, ಸ್ವಲ್ಪ ಕೂತು ಒತ್ತು." ಒತ್ತುತ್ತಾ ಒತ್ತುತ್ತಾ ನಾನೇ ತೂಕಡಿಸಿಬಿಡುತ್ತೇನೆ. ಕಣ್ಣುಬಿಟ್ಟರೆ ಪಾತ್ರೆ ಸೀದ ವಾಸನೆ. ಸೊಂಟ ಮುರಿದು ಮಂಚ ಹಿಡಿದ ಜೀವ, ಏನು ಹೇಳಲಿ?

ಮೆಟ್ಟಿಲಿನ ವಿಷಯ. ವಯಸ್ಸಾಯಿತು ಕಣೇ, ಅಷ್ಟೆ. ಮೂರು ಮಹಡಿ ಹತ್ತಿದರೆ ಯಾರಿಗಾದರೂ ಉಸಿರು ಬರುತ್ತದೆ. ಬರದೇ ಇದ್ದರೆ ತಾನೇ ಚಿಂತೆ!

ನನ್ನ ಆರೋಗ್ಯ ಎಂಥದ್ದೆಂದು ನಿನಗೆ ಗೊತ್ತಿಲ್ಲ. ಒಂದು ಗುಟ್ಟು ಹೇಳುತ್ತೇನೆ, ನಗು. ನಮ್ಮಲ್ಲಿ ವರ್ಷಕ್ಕೆರಡು ಸಲ ನರ್ಸಮ್ಮ ಬಂದು ಕ್ಯಾಂಟೀನಿನ ಮೂಲೆಯಲ್ಲಿ ಪರದೆ ಕಟ್ಟಿ ಎಲ್ಲರ ಬಿಪಿ ನೋಡುತ್ತಾಳೆ. ಜಾಸ್ತಿ ಬಂದವರನ್ನು ರಾತ್ರಿ ಪಾಳಿಯಿಂದ ತೆಗೆದು ಹಗಲಿಗೆ ಹಾಕುತ್ತಾರೆ. ಒಳ್ಳೆಯದೇ ಅನ್ನಿಸುತ್ತೆ ಅಲ್ಲವಾ? ಆದರೆ ನಾವೆಲ್ಲ ರಾತ್ರಿಗೆ ಬರುವುದೇ ಹಗಲು ಮನೆಯಲ್ಲಿರಬೇಕು ಅಂತ. ಒಬ್ಬಳಿಗೆ ಕೂಸು, ಒಬ್ಬಳಿಗೆ ಕಣ್ಣು ಕಾಣದ ಅಪ್ಪ, ನನಗೆ ಅತ್ತೆ. ಅದಕ್ಕೇ ಯಾರಿಗೆ ಹೆದರಿಕೆಯೋ ಅವರ ಹೆಸರಿನ ಚೀಟಿ ಹಿಡಿದು ನಾನು ಪರದೆಯೊಳಗೆ ಹೋಗುತ್ತೇನೆ. ಬಿಸ್ಕತ್ತಿನ ಕೆಲಸ, ಎಲ್ಲರಿಗೂ ಒಂದೇ ಬಿಳಿ ಟೋಪಿ, ಒಂದೇ ಮುಖವಸ್ತ್ರ. ಕಾಣುವುದು ಕಣ್ಣು ಮಾತ್ರ. ನನ್ನ ತೋಳಿಗೆ ಪಟ್ಟಿ ಸುತ್ತಿದರೆ ಯಾವಾಗಲೂ ಸರಿಯಾದ ಲೆಕ್ಕವೇ ಬರುವುದು. ಸಾಲಿನಲ್ಲಿ ಎಲ್ಲರೂ ನನ್ನನ್ನು "ಬಂಗಾರದ ಕೈ" ಅನ್ನುತ್ತಾರೆ. ನಿನ್ನಪ್ಪ ಬಂಗಾರ ಕೊಡಿಸದಿದ್ದರೇನಂತೆ, ಕೈಯೇ ಬಂಗಾರವಾಯಿತು.

ಸರಿಯಾಗಿ ಊಟ ಮಾಡು. ಕರಡು ತಿದ್ದಿ ತಿದ್ದಿ ಕಣ್ಣು ಕೆಡಿಸಿಕೊಳ್ಳಬೇಡ.

ನಿನ್ನ ಅಮ್ಮ

ಜುಲೈ ೨

ಅಮ್ಮಾ,

ನಕ್ಕೆ. ಆಮೇಲೆ ನಗು ನಿಂತಿತು.

ನಮ್ಮ ಮುದ್ರಣಾಲಯಕ್ಕೆ ಹೋದ ವಾರ ಒಂದು ಸಣ್ಣ ಪುಸ್ತಕ ಬಂತು, ಪಾಳಿಯಲ್ಲಿ ದುಡಿಯುವ ಹೆಂಗಸರ ಹೃದಯದ ಬಗ್ಗೆ. ಕರಡು ತಿದ್ದುವವಳು ಅರ್ಥ ಓದಬಾರದು, ಓದಿದರೆ ಅಕ್ಷರದ ತಪ್ಪು ಕಣ್ಣಿಗೆ ಬೀಳುವುದಿಲ್ಲ ಎಂದು ನಮ್ಮ ಹಿರಿಯರು ಮೊದಲ ದಿನವೇ ಹೇಳಿದ್ದರು. ನಾನು ಬೆಳಿಗ್ಗೆಯೆಲ್ಲ ಒತ್ತಕ್ಷರ ನೋಡಿದೆ. ಸಂಜೆ ಎಲ್ಲರೂ ಹೋದ ಮೇಲೆ ಅರ್ಥ ಓದಿದೆ.

ವರ್ಷಗಟ್ಟಲೆ ರಾತ್ರಿ ದುಡಿದು ಹಗಲು ನಿದ್ದೆ ಸಿಗದವರಲ್ಲಿ ರಕ್ತದೊತ್ತಡವೂ ಹೃದಯದ ಕಾಯಿಲೆಯೂ ಹೆಚ್ಚಾಗಿ ಕಾಣುತ್ತವೆಯಂತೆ. ಎಲ್ಲರಿಗೂ ಬರುತ್ತದೆ ಎಂದೇನಿಲ್ಲ. ಆದರೆ ಹೆಂಗಸರಲ್ಲಿ ಅದು ಎದೆ ಹಿಡಿದುಕೊಂಡು ಬೀಳುವ ಹಾಗೆಯೇ ಬರಬೇಕೆಂದಿಲ್ಲ. ಸುಮ್ಮನೆ ಸುಸ್ತು, ಮೆಟ್ಟಿಲಲ್ಲಿ ಏದುಸಿರು, ದವಡೆಯಲ್ಲೋ ಬೆನ್ನಲ್ಲೋ ಒಂದು ಹಿಡಿತ, ಹೊಟ್ಟೆ ತೊಳಸಿದ ಹಾಗೆ. ಅದನ್ನು ಅವರು ಗ್ಯಾಸು ಎನ್ನುತ್ತಾರೆ, ವಯಸ್ಸು ಎನ್ನುತ್ತಾರೆ, ತಡಮಾಡುತ್ತಾರೆ. "ವಯಸ್ಸು" ಎಂಬ ಪದದ ಹತ್ತಿರ ನನ್ನ ಪೆನ್ಸಿಲು ನಿಂತುಬಿಟ್ಟಿತು. ಆ ಪುಟದಲ್ಲಿ ನೀನಿದ್ದೆ ಅಮ್ಮಾ. ಬೇರೆ ಹೆಂಗಸರ ಬಗ್ಗೆ ಬರೆದಿದ್ದರು, ಆದರೆ ನೀನಿದ್ದೆ.

ನಿನ್ನ ತೋಳು ಕಳೆದ ಸಲ ಸರಿಯಾಗಿತ್ತು. ಈಗ ಹೇಗಿದೆ ಎಂದು ನಿನಗೆ ಹೇಗೆ ಗೊತ್ತು? ಒಂದು ಸಲ, ಯಾರ ಪರವಾಗಿಯೂ ಅಲ್ಲ, ನಿನಗೋಸ್ಕರ ಡಾಕ್ಟರ ಹತ್ತಿರ ಹೋಗುತ್ತೀಯಾ?

ನಿನ್ನ ಪುಟ್ಟಿ

ಜುಲೈ ೧೧

ಪುಟ್ಟೀ,

ನಿನ್ನನ್ನು ಸಾಹಿತ್ಯ ಓದಿಸಿದ್ದು ಅಮ್ಮನ ಮೈಯಲ್ಲಿ ಕಾಯಿಲೆ ಹುಡುಕಲಿ ಅಂತಲ್ಲ. ನಾನು ಹಗಲು ಪಾಳಿಗೆ ಹೋದರೆ ನಿನ್ನಜ್ಜಿಗೆ ನೀರು ಕೊಡುವವರು ಯಾರು? ಪಕ್ಕೆ ಹೊರಳಿಸುವವರು ಯಾರು? ನಿನ್ನಪ್ಪ ಬೆಳಿಗ್ಗೆ ಹೊಲಿಗೆ ಅಂಗಡಿ ತೆರೆದರೆ ಕತ್ತಲಾದ ಮೇಲೇ ಬರುವುದು. ಆ ಪುಸ್ತಕ ಬರೆದವರು ಬಂದು ನೋಡಿಕೊಳ್ಳುತ್ತಾರಾ?

ಇನ್ನು ಆ ಮಾತು ಬೇಡ.

ಅಮ್ಮ

ಆಗಸ್ಟ್ ೨೪

ಮಗಳೇ,

ಇಷ್ಟು ದಿನ ಬರೆಯಲಿಲ್ಲವೆಂದು ಕೋಪವಾ? ನೀನೂ ಬರೆಯಲಿಲ್ಲ. ಎರಡು ಕಡೆಯ ಮೌನವೂ ನಿನ್ನದೇ ಗುಣ, ನನಗೂ ಅಂಟಿಸಿದೆ.

ಹೋದ ವಾರ ತಪಾಸಣೆ ಆಯಿತು. ಈ ಸಲ ನರ್ಸಮ್ಮ ಹೊಸಬಳು, ನಿನ್ನದೇ ವಯಸ್ಸಿರಬೇಕು. ನಾನು ಇಬ್ಬರ ಚೀಟಿ ಹಿಡಿದಿದ್ದೆ. ಒಬ್ಬಳು ಒಲೆಯ ಹತ್ತಿರ ತಟ್ಟೆ ಎಳೆಯುವ ಉದ್ದಮ್ಮ, ಇನ್ನೊಬ್ಬಳು ನನ್ನ ಪಕ್ಕದಲ್ಲೇ ಪೊಟ್ಟಣ ಕಟ್ಟುವ ಗಿಳಿ. ಮಾತು ನಿಲ್ಲಿಸುವುದಿಲ್ಲ, ಅದಕ್ಕೇ ಆ ಹೆಸರು.

ಮೊದಲು ಉದ್ದಮ್ಮನಾಗಿ ಹೋದೆ. ಪಟ್ಟಿ ಸುತ್ತಿದಳು, ಗಾಳಿ ಒತ್ತಿದಳು, ಬಿಟ್ಟಳು. ಮತ್ತೆ ಒತ್ತಿದಳು. "ಸ್ವಲ್ಪ ಸುಮ್ನೆ ಕೂತಿರಿ ಅಮ್ಮಾ, ಮಾತಾಡ್ಬೇಡಿ" ಎಂದು ಮೂರನೆಯ ಸಲ ಒತ್ತಿದಳು. ಆಮೇಲೆ, "ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತಾ?" ಎಂದು ಕೇಳಿದಳು. ಉದ್ದಮ್ಮನ ಮನೆಗೆ ಮೆಟ್ಟಿಲೇ ಇಲ್ಲವಲ್ಲ, ಹೌದು ಅನ್ನಲೋ ಇಲ್ಲ ಅನ್ನಲೋ ತಿಳಿಯದೆ ಟೋಪಿ ಸರಿಮಾಡಿಕೊಂಡೆ. ಅವಳು ಚೀಟಿಯ ಮೇಲೆ ಕೆಂಪು ಗೆರೆ ಎಳೆದಳು.

ಯಂತ್ರ ಕೆಟ್ಟಿರಬೇಕು ಅಂದುಕೊಂಡೆ. ಗಿಳಿಯ ಕನ್ನಡಕ ಹಾಕಿಕೊಂಡು, ಲೋಕವೆಲ್ಲ ಮಂಜಾಗಿ, ತಡಕಾಡುತ್ತಾ ಮತ್ತೆ ಹೋದೆ. ಮತ್ತೆ ಕೆಂಪು ಗೆರೆ. ನನ್ನ ಹಿಂದೆ ಮುಂದೆ ಕೂತವರಿಗೆಲ್ಲ ಅದೇ ಯಂತ್ರ ಸರಿಯಾಗಿಯೇ ತೋರಿಸಿತ್ತು.

ಹೊರಗೆ ಬಂದು ಬೆಂಚಿನ ಮೇಲೆ ಕೂತುಬಿಟ್ಟೆ. ನನ್ನ ಹೆಸರು ಕೂಗಿದ್ದೂ ಕೇಳಿಸಲಿಲ್ಲ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು, "ಕೊಡಿ ಅಕ್ಕಾ, ನಿಮ್ದು ನಾನ್ ಮುಗಿಸ್ಕೊಂಡ್ ಬರ್ತೀನಿ" ಎಂದು ಚೀಟಿ ಕಿತ್ತುಕೊಂಡು ಹೋಗಿಯೇಬಿಟ್ಟಳು. ಬೇಡ ಅನ್ನಲಿಲ್ಲ ನಾನು.

ಹಾಗಾಗಿ ಈಗ ಬರಹದಲ್ಲಿ ಉದ್ದಮ್ಮನಿಗೆ ಕಾಯಿಲೆ, ಗಿಳಿಗೆ ಕಾಯಿಲೆ, ನಾನು ಕಲ್ಲಿನ ಹಾಗೆ ಗಟ್ಟಿ. ಅವರಿಬ್ಬರನ್ನೂ ಹಗಲಿಗೆ ಹಾಕಿದರು. ಉದ್ದಮ್ಮ ಹೆದರಿ ಡಾಕ್ಟರ ಹತ್ತಿರ ಹೋದಳು. ಅವಳ ಸ್ವಂತ ತೋಳಿನಲ್ಲಿ ನನ್ನದಕ್ಕಿಂತ ಜಾಸ್ತಿ ಬಂತಂತೆ, ಮಾತ್ರೆ ಶುರುಮಾಡಿದ್ದಾರೆ. ಗಿಳಿಯ ಕೂಸನ್ನು ನೋಡಿಕೊಳ್ಳಲು ಹಗಲು ಯಾರೂ ಇಲ್ಲ. ಗೇಟಿನ ಹತ್ತಿರ ಎದುರಾದರೆ ಮುಖ ತಿರುಗಿಸುತ್ತಾಳೆ. ಅವಳು ಮಾತಾಡದೆ ಇದ್ದದ್ದನ್ನು ನಾನು ಮೊದಲ ಸಲ ನೋಡಿದ್ದು. ಪಕ್ಕದ ಜಾಗ ಖಾಲಿ. ರಾತ್ರಿ ಪೊಟ್ಟಣ ಕಟ್ಟುವಾಗ ನನ್ನ ಎದೆಯ ಸದ್ದು ನನಗೇ ಕೇಳಿಸುತ್ತದೆ.

ನಿನ್ನಪ್ಪನಿಗೂ ಅಜ್ಜಿಗೂ ಇದು ತಿಳಿಯಬಾರದು. ನನ್ನಾಣೆ.

ಅಮ್ಮ

ಆಗಸ್ಟ್ ೨೯

ಅಮ್ಮಾ,

ಆ ನರ್ಸು ನಿನ್ನ ಮಗಳ ವಯಸ್ಸಿನವಳು ಎಂದೆಯಲ್ಲ. ಹಾಗಾದರೆ ಮಗಳಿಗೆ ಹೇಳಿದ ಹಾಗೆ ಅವಳಿಗೂ ಹೇಳಬಹುದು. ಮುಖವಸ್ತ್ರ ತೆಗೆದು, ನಿನ್ನದೇ ಹೆಸರು ಹೇಳಿ, ತೋಳು ಚಾಚು.

ಗಿಳಿಯಕ್ಕನ ತೋಳನ್ನು ಯಾರೂ ನೋಡಿಯೇ ಇಲ್ಲ. ಅದೂ ನಿನ್ನ ಬಾಯಿಂದಲೇ ಹೊರಬರಬೇಕು.

ಬೇರೆ ಏನು ಬರೆದರೂ ನಿನಗೆ ಪುಸ್ತಕದ ಮಾತಿನ ಹಾಗೆ ಕೇಳಿಸುತ್ತದೆ. ಅದಕ್ಕೆ ಇಷ್ಟೇ. ನನಗೆ ಹೆದರಿಕೆಯಾಗುತ್ತಿದೆ.

ಪುಟ್ಟಿ

ಸೆಪ್ಟೆಂಬರ್ ೧೦

ಅಜ್ಜೀ,

ಅಮ್ಮನ ಕೈಗೆ ಸಿಗಬಾರದೆಂದು ಈ ಕಾಗದವನ್ನು ಅಪ್ಪನ ಅಂಗಡಿಯ ವಿಳಾಸಕ್ಕೆ ಹಾಕಿದ್ದೇನೆ. ಅಪ್ಪ ಒಡೆದು ಓದುವುದಿಲ್ಲ. ಗುಂಡಿ, ಕಾಜಾ ಇಲ್ಲದ ಯಾವುದನ್ನೂ ಅವರು ಹತ್ತಿರದಿಂದ ನೋಡುವವರಲ್ಲ. ನಿಮ್ಮ ಭೂತಗನ್ನಡಿ ದಿಂಬಿನ ಕೆಳಗೇ ಇದೆ ತಾನೆ? ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ನಿಮ್ಮ ಹತ್ತಿರ ಒಂದು ವಿಷಯ ಕೇಳಬೇಕು. ಅಮ್ಮ ರಾತ್ರಿ ಪಾಳಿ ಬಿಟ್ಟು ಹಗಲಿನ ಕೆಲಸಕ್ಕೆ ಹೋದರೆ ನಿಮಗೆ ತೊಂದರೆಯಾಗುತ್ತದೆಯೇ? ಆಗುತ್ತದೆ ಎಂದು ಅಮ್ಮ ಹೇಳುತ್ತಾಳೆ. ಅಪ್ಪನೂ ಹಾಗೇ ಅಂದುಕೊಂಡಿದ್ದಾರೆ. ನಾನೂ ಇಷ್ಟು ದಿನ ಒಪ್ಪಿಕೊಂಡಿದ್ದೆ. ನಿಮ್ಮ ಹೆಸರು ಎಲ್ಲರ ಬಾಯಲ್ಲಿದೆ, ನಿಮ್ಮನ್ನು ಮಾತ್ರ ಯಾರೂ ಕೇಳಿಲ್ಲ.

ಯಾಕೆ ಕೇಳುತ್ತಿದ್ದೇನೆಂದು ಹೇಳುವ ಹಾಗಿಲ್ಲ, ಅಮ್ಮ ಆಣೆ ಇಟ್ಟಿದ್ದಾಳೆ.

ನಿಮ್ಮ ಪುಟ್ಟಿ

ಸೆಪ್ಟೆಂಬರ್ ೧೯

ನನ್ನ ಮೌನಗೌರಿಗೆ,

ಕೈ ನಡುಗುತ್ತೆ, ಅಕ್ಷರ ಕುಣಿಯುತ್ತೆ. ನೀನು ತಿದ್ದೋಳು ತಾನೆ, ತಿದ್ದಿ ಓದಿಕೋ.

ಆಣೆ ಇಟ್ಟಿದ್ದಾಳೆ ಅಂತ ಬರೆದಿದ್ದೀಯ. ನನಗೆ ಹೇಳೋಕೆ ಏನು ಉಳಿದಿದೆ ಕಣೇ? ಮಂಚದಲ್ಲಿ ಬಿದ್ದಿರೋಳಿಗೆ ಕಿವಿಯೇ ಕಣ್ಣು. ನಿನ್ನಮ್ಮ ಬೀದಿ ಬಾಗಿಲು ದಾಟಿದ ಕೂಡಲೇ ನನಗೆ ಗೊತ್ತಾಗುತ್ತೆ. ಮುಂಚೆ ಒಂದೇ ಉಸಿರಿಗೆ ಬರ್ತಿದ್ದಳು. ಆಮೇಲೆ ಒಂದು ಕಡೆ ನಿಲ್ಲೋಕೆ ಶುರುಮಾಡಿದಳು. ಈಗ ಎರಡು ಕಡೆ ನಿಲ್ತಾಳೆ, ಬಾಗಿಲ ಹೊರಗೆ ಇನ್ನೊಂದು ಸಲ ನಿಂತು, ಮುಖಕ್ಕೆ ನಗು ಹಚ್ಚಿಕೊಂಡು ಒಳಗೆ ಬರ್ತಾಳೆ. ಪ್ರತಿ ಸಲ ಹೆಜ್ಜೆ ನಿಂತಾಗ ನನ್ನ ಜೀವ ಬಾಯಿಗೆ ಬರುತ್ತೆ. ಮತ್ತೆ ಹೆಜ್ಜೆ ಕೇಳಿದರೆ ಉಸಿರು ಬಿಡ್ತೀನಿ.

ನನ್ನ ಕಾಲಿಗೆ ಏನೂ ಆಗಿಲ್ಲ ಕಣೇ. ಸೊಂಟ ಹೋಗಿದೆ, ಕಾಲು ನೋವು ಗೀವು ಏನೂ ಇಲ್ಲ. "ಮಲಗು" ಅಂದರೆ ಅವಳು ಮಲಗಲ್ಲ, "ಕೂತ್ಕೋ" ಅಂದರೆ ಕೂರಲ್ಲ. ಕಾಲು ಒತ್ತು ಅಂದರೆ ಮಾತ್ರ ಬರ್ತಾಳೆ. ಸ್ವಲ್ಪ ಹೊತ್ತು ಒತ್ತಿ, ಹಾಗೇ ಮಂಚದ ಅಂಚಿಗೆ ತಲೆಯಿಟ್ಟು ನಿದ್ದೆ ಹೋಗ್ತಾಳೆ. ನಾನು ಕಾಲು ಅಲ್ಲಾಡಿಸದೆ ಇರ್ತೀನಿ. ಅನ್ನ ಸೀದರೆ ಸೀಯಲಿ. ಅವಳು ನನ್ನನ್ನ ಬೈದುಕೊಳ್ತಾಳೇನೋ. ಬೈದುಕೊಳ್ಳಲಿ.

ನೀನು ಕೇಳಿದ್ದಕ್ಕೆ ಉತ್ತರ. ನಿನ್ನೆ ನಿನ್ನಪ್ಪ ಊಟಕ್ಕೆ ಕೂತಾಗ ಹೇಳಿದೆ, "ಆ ಹೊಲಿಗೆ ಮಿಷನ್ನು ಅಂಗಡಿಯಲ್ಲೇ ಇರಬೇಕು ಅಂತ ಎಲ್ಲಾದರೂ ಬರೆದಿದೆಯೇನೋ?" ಅಂತ.

"ಗಿರಾಕಿಗಳು ಬರ್ತಾರಮ್ಮಾ" ಅಂದ.

"ಸಂಜೆ ಬರ್ತಾರೆ. ಬೆಳಿಗ್ಗೆಯಿಂದ ನೊಣ ಹೊಡೀತಾ ಒಬ್ಬನೇ ಹೊಲಿಯೋದನ್ನ ನನ್ನ ಪಕ್ಕದಲ್ಲಿ ಕೂತು ಹೊಲಿ."

"ನಿನಗೆ ಸದ್ದು ಆಗುತ್ತೆ."

"ನೀನು ಹುಟ್ಟಿದಾಗಿನಿಂದ ನಿನ್ನ ಸದ್ದು ಕೇಳಿದೀನಿ, ಮಿಷನ್ನಿನದು ಹೆಚ್ಚೇನೋ?"

ಆಮೇಲೆ ಅವನು ಹೆಂಡತಿ ಮುಖ ನೋಡಿದ. ಎಷ್ಟು ವರ್ಷದ ಮೇಲೆ ನೋಡಿದನೋ. ಬಹಳ ಹೊತ್ತು ನೋಡಿ, "ಯಾಕೆ ಇಷ್ಟು ಬಿಳಿಚಿಕೊಂಡಿದ್ದೀಯಾ?" ಅಂದ. ಅವಳು ಎದ್ದು ಒಳಗೆ ಹೋದಳು. ನಲ್ಲಿ ಬಿಟ್ಟಿದ್ದು ಕೇಳಿಸಿತು. ಪಾತ್ರೆ ತೊಳೆದಿದ್ದು ಕೇಳಿಸಲಿಲ್ಲ.

ಇಷ್ಟೇ ಬರೆಯೋಕೆ ಎರಡು ದಿನ ಹಿಡಿಯಿತು.

ನಿನ್ನ ಅಜ್ಜಿ

ಅಕ್ಟೋಬರ್ ೩

ಮಗಳೇ,

ನೀನು ಆಣೆಯನ್ನು ಮುರಿಯದೆ ಬಗ್ಗಿಸಿದೆ. ಜಾಣೆ. ಬೈಯಬೇಕೆಂದು ಕೂತೆ, ಬೈಗುಳ ಬರುತ್ತಿಲ್ಲ.

ಹೋದ ವಾರ ತಪಾಸಣೆಯ ಲೆಕ್ಕ ಒಪ್ಪಿಸಲು ನರ್ಸಮ್ಮ ಮತ್ತೆ ಕಾರ್ಖಾನೆಗೆ ಬಂದಿದ್ದಳು, ಅವಳು ಕೂತಿದ್ದ ಕೋಣೆಗೆ ಹೋದೆ. ಟೋಪಿ, ಮುಖವಸ್ತ್ರ ಎರಡೂ ತೆಗೆದೆ. ಅವಳು ಕಣ್ಣು ಕಿರಿದು ಮಾಡಿ, "ನಿಮ್ಮನ್ನ ಎಲ್ಲೋ ನೋಡಿದೀನಲ್ಲಾ" ಅಂದಳು.

"ನೋಡಿದೀರಿ. ಎರಡು ಸಲ. ನೋಡಬೇಕಾದ ಸಲ ನೋಡಲಿಲ್ಲ" ಅಂದೆ.

ಎಲ್ಲ ಹೇಳಿದೆ. ಮೊದಲು ಬಾಯಿ ತೆರೆದು ಕೂತಳು. ಆಮೇಲೆ ನಗು ಬಂತು ಅವಳಿಗೆ, ತಡೆದುಕೊಂಡಳು. ಆಮೇಲೆ ಎದ್ದು ಬಾಗಿಲು ಹಾಕಿ ಬಂದು, ನನ್ನ ತೋಳು ಹಿಡಿದು ಕೂತಳು. ಪಟ್ಟಿ ಸುತ್ತಲಿಲ್ಲ, ಸುಮ್ಮನೆ ಹಿಡಿದುಕೊಂಡಳು. "ಎಷ್ಟು ವರ್ಷದಿಂದ ರಾತ್ರಿ?" ಅಂದಳು. ಹೇಳಿದೆ. "ನನಗೂ ಮುಂದಿನ ತಿಂಗಳಿಂದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ" ಅಂದಳು. ಪಾಪ, ಹುಡುಗಿ.

ಮೇಲಿನವರಿಂದ ನನಗೆ ಎಚ್ಚರಿಕೆಯ ಪತ್ರ ಬಂತು. ತಪ್ಪು ಮಾಡಿದ್ದೇನೆ, ತೆಗೆದುಕೊಂಡೆ. ಗಿಳಿಯನ್ನು ಮತ್ತೆ ಪರೀಕ್ಷೆ ಮಾಡಿಸಿದರು. ಅವಳದು ಎಲ್ಲ ಸರಿಯಾಗಿದೆ! ಸುಮ್ಮನೆ ಹೆದರಿಕೊಂಡು ನನ್ನ ತೋಳು ಕೇಳಿದ್ದಳು. "ಬಂಗಾರದ ಕೈಯಂತೆ ಬಂಗಾರದ ಕೈ! ನಿಮ್ಮ ಹಿತ್ತಾಳೆ ನಂಬಿ ನನ್ನ ಚಿನ್ನ ಕೆಡಿಸಿಕೊಂಡೆನಲ್ಲಾ ಅಕ್ಕಾ" ಎಂದು ಬೈದಳು. ಅವಳು ಮಾತಾಡಿದಳಲ್ಲ, ಅಷ್ಟು ಸಾಕಾಯಿತು. ಅವಳು ರಾತ್ರಿಗೆ ಹೋದಳು, ನಾನು ಹಗಲಿಗೆ ಬಂದೆ. ಉದ್ದಮ್ಮ ಕ್ಯಾಂಟೀನಿನಲ್ಲಿ ನನ್ನ ಪಕ್ಕದಲ್ಲಿ ಕೂತು ಹೊತ್ತುಹೊತ್ತಿಗೆ ಮಾತ್ರೆ ನುಂಗುತ್ತಾಳೆ, ನನಗೂ ಜ್ಞಾಪಿಸುತ್ತಾಳೆ. ಹೌದು, ನನಗೂ ಮಾತ್ರೆ ಕೊಟ್ಟಿದ್ದಾರೆ.

ಮಿಷನ್ನು ಮನೆಗೆ ಬಂತು. ನಾಲ್ಕು ಜನ ಹೊತ್ತು ತಂದರು, ನಿನ್ನಪ್ಪ ಬರೀ ಅಪ್ಪಣೆ ಕೊಡುತ್ತಾ ಹತ್ತಿದರು. ಮೊದಲ ದಿನ ಅತ್ತೆಯ ಪಕ್ಕೆ ಹೊರಳಿಸಲು ಹೋಗಿ ಇಬ್ಬರೂ ಜಗಳವಾಡಿಕೊಂಡರಂತೆ. ಎರಡನೆಯ ದಿನ ಗಂಜಿ ಇವರೇ ಕಾಯಿಸಿದರಂತೆ. ಅತ್ತೆ, "ಬಟ್ಟೆ ಹಾಗೇ ಗಂಜಿಯನ್ನೂ ಅಳತೆ ತಗೊಂಡು ಮಾಡ್ತಾನೆ" ಎಂದು ನಗುತ್ತಿದ್ದರು. ರಾತ್ರಿ ನಾನು ಮಲಗುತ್ತೇನೆ. ಕತ್ತಲಲ್ಲಿ ಮಲಗುವುದು ಹೇಗೆಂದೇ ಮರೆತುಹೋಗಿತ್ತು.

ಇನ್ನೊಂದು ವಿಷಯ. ನರ್ಸಮ್ಮ ಹೇಳಿ ಕಳಿಸಿದ ಡಾಕ್ಟರು ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆದರು. ಗೆರೆ ಸರಿಯಿಲ್ಲವಂತೆ. ಇದೇ ಹದಿನಾಲ್ಕಕ್ಕೆ ದೊಡ್ಡ ಆಸ್ಪತ್ರೆಗೆ ಹೋಗಿ ಹೃದಯದ ಡಾಕ್ಟರಿಗೆ ತೋರಿಸಬೇಕು. ನಿನ್ನಪ್ಪ ಬರುತ್ತೇನೆ ಅಂದರು. ಅತ್ತೆಯ ಹತ್ತಿರ ಒಬ್ಬರು ಇರಬೇಕಲ್ಲ, ಬೇಡ ಅಂದೆ. ಒಬ್ಬಳೇ ಹೋಗಿ ಬರುತ್ತೇನೆ. ನೀನು ಕೆಲಸ ಬಿಟ್ಟು ಬರಬೇಡ. ಏನೂ ಹೆದರಿಕೆಯಿಲ್ಲ.

ಸ್ವಲ್ಪ ಇದೆ.

ನಿನ್ನ ಅಮ್ಮ

ಅಕ್ಟೋಬರ್ ೮

ಅಜ್ಜೀ,

ಇದೂ ಅಂಗಡಿಯ ವಿಳಾಸಕ್ಕೇ. ಸಂಜೆ ಗಿರಾಕಿಗಳಿಗಾಗಿ ಅಪ್ಪ ಅಂಗಡಿ ಬಾಗಿಲು ತೆರೆದಾಗ ಸಿಗುತ್ತದೆ. ಅಮ್ಮನಿಗೆ ಹೇಳಬೇಡಿ.

ಹದಿಮೂರನೆಯ ತಾರೀಕು ಸಂಜೆ ನಾನು ಬರುತ್ತಿದ್ದೇನೆ. ರಜೆ ಕೇಳಲು ಹಿರಿಯರ ಮೇಜಿನ ಹತ್ತಿರ ಹೋಗಿ ಎರಡು ಸಲ ತಿರುಗಿ ಬಂದೆ. ಮೂರನೆಯ ಸಲ ಕೇಳಿದೆ. "ಇಷ್ಟು ಮೆಲ್ಲಗೆ ಕೇಳಿದರೆ ಯಾರು ಬೇಡ ಅಂತಾರೆ, ಕೇಳಿಸಿದರೆ ತಾನೆ?" ಎಂದು ನಕ್ಕು ಕೊಟ್ಟರು. ಅಮ್ಮನ ಪಾಳಿ ಮುಗಿಯುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಹತ್ತಿರ ನಿಂತಿರುತ್ತೇನೆ. ಮರುದಿನ ಆಸ್ಪತ್ರೆಗೆ ಜೊತೆಯಲ್ಲಿ ಹೋಗುತ್ತೇನೆ. ಬೇಡ ಅಂದರೂ ಹೋಗುತ್ತೇನೆ. ಡಾಕ್ಟರು ಏನು ಹೇಳುತ್ತಾರೋ ಗೊತ್ತಿಲ್ಲ. ಅದನ್ನು ಅಮ್ಮ ಒಬ್ಬಳೇ ಕೇಳಿಸಿಕೊಂಡು, ಬಾಗಿಲ ಹೊರಗೆ ನಿಂತು ಮುಖಕ್ಕೆ ನಗು ಹಚ್ಚಿಕೊಳ್ಳಬಾರದು.

ಮೊನ್ನೆ ಚಪ್ಪಲಿ ಅಂಗಡಿಯಲ್ಲಿ ಬಕಲ್ ಇರುವ ಒಂದು ಜೊತೆ ನೋಡಿದೆ. ಮನಸ್ಸಿನಲ್ಲಿ ಒಂದು ಉಪಾಯ ಹೊಳೆಯಿತು. ಅಮ್ಮನ ಜೊತೆ ಮೆಟ್ಟಿಲು ಹತ್ತುವಾಗ ತಿರುವು ತಿರುವಿಗೂ ನಾನೇ ಬಗ್ಗಿ ಬಕಲ್ ಕಟ್ಟಿಕೊಳ್ಳುವುದು, ಅವಳು ನನಗಾಗಿ ಕಾದ ಹಾಗೆ ನಿಲ್ಲುವುದು. ಅವಳಿಗೆ ನಾಚಿಕೆಯಾಗುವುದಿಲ್ಲ, ನಾನೂ ಬಾಯಿಬಿಟ್ಟು ಏನೂ ಹೇಳಬೇಕಿಲ್ಲ. ಚಪ್ಪಲಿ ಕಾಲಿಗೆ ಹಾಕಿ ನೋಡಿಯೂ ಆಯಿತು. ಎಷ್ಟು ಚೆನ್ನಾಗಿ ಹೊಂದಿತೆಂದರೆ ನನಗೇ ಭಯವಾಯಿತು. ನಮ್ಮ ಮನೆಯವರೆಲ್ಲರ ಪಾದಕ್ಕೂ ಅದೇ ಅಳತೆ ಇರಬೇಕು. ನೀವು ಕಾಲು ನೋವು ಅಂದಿರಿ, ಅಮ್ಮ ವಯಸ್ಸು ಅಂದಳು, ನಾನು ಬಸ್ಸು ಬಂತು ಅಂದೆ.

ಬಿಚ್ಚಿ ಅಂಗಡಿಯವರಿಗೆ ವಾಪಸು ಕೊಟ್ಟು ಬಂದೆ.

ತಿರುವಿನಲ್ಲಿ ಕಿಟಕಿಯ ಕೆಳಗೆ ಒಂದು ಅಗಲವಾದ ಮೆಟ್ಟಿಲಿದೆ, ಇಬ್ಬರು ಕೂರುವಷ್ಟು. ಅಲ್ಲಿ ಅಮ್ಮನ ಕೈ ಹಿಡಿದು, "ಸುಸ್ತಾಗಿದೆ, ಕೂರೋಣ ಅಮ್ಮಾ" ಎನ್ನುತ್ತೇನೆ. ಯಾರಿಗೆ ಸುಸ್ತು ಎಂದು ಕೇಳಿದರೆ, "ನಿನಗೆ" ಎನ್ನುತ್ತೇನೆ. ಮೇಲೆ ಕೆಳಗೆ ಓಡಾಡುವವರು ನೋಡಿದರೆ ನೋಡಲಿ.

ಅದಕ್ಕೇ ಮೊದಲೇ ತಿಳಿಸುತ್ತಿದ್ದೇನೆ ಅಜ್ಜೀ. ಆ ದಿನ ಮೆಟ್ಟಿಲ ಮೇಲೆ ನಿಮಗೆ ಇಬ್ಬರ ಹೆಜ್ಜೆ ಕೇಳಿಸುತ್ತದೆ. ನಡುವೆ ನಿಂತುಹೋಗುತ್ತದೆ, ಬಹಳ ಹೊತ್ತು ಏನೂ ಕೇಳಿಸುವುದಿಲ್ಲ. ಗಾಬರಿಯಾಗಬೇಡಿ. ಅಪ್ಪನಿಗೂ ಮಿಷನ್ನು ನಿಲ್ಲಿಸಬೇಡಿ ಎಂದು ಹೇಳಿ.

ನಾವು ಕೂತಿರುತ್ತೇವೆ.

ನಿಮ್ಮ ಪುಟ್ಟಿ